ವ್ಯಾನಿನ ಎಡಮಗ್ಗುಲು

ಶಾಲೆ ತೆರೆದು ಎರಡು ವಾರವಾಗುವಷ್ಟರಲ್ಲಿ ಚನ್ನರಾಯಪ್ಪನವರ ವ್ಯಾನಿನ ಟಾಪಿಗೆ ಒಳಗಿನಿಂದ ಅಂಟಿಸಿದ್ದ ಬಟ್ಟೆ ಜೋತುಬಿತ್ತು. ಬೇಸಗೆ ರಜೆಯಲ್ಲಿ ಗಾಡಿ ಎರಡು ತಿಂಗಳು ಮನೆಯ ಮುಂದೆ ಸುಡುಬಿಸಿಲಿನಲ್ಲಿ ನಿಂತಿತ್ತು. ಬಟ್ಟೆಯ ಹಿಂದಿನ ಸ್ಪಂಜು ಕಾದು ಕಾದು ಹುಡಿಯಾಗಿತ್ತು. ಮೊದಲು ಹಿಂದಿನ ಸೀಟಿನ ಮೇಲೆ ಸಣ್ಣ ಹೊಟ್ಟೆಯ ಹಾಗೆ ಇಳಿದದ್ದು ನಾಲ್ಕೇ ದಿನಕ್ಕೆ ಎಡಮಗ್ಗುಲಿಗೆಲ್ಲ ಹಬ್ಬಿತು. ಗಾಡಿ ಓಡುವಾಗ ಗಾಳಿ ತುಂಬಿಕೊಂಡು ಏರುತ್ತ ಇಳಿಯುತ್ತ ಮಕ್ಕಳ ತಲೆಗೆ ತಾಕುತ್ತಿತ್ತು. ಕಂದು ಪುಡಿ ಉದುರಿ ಊಟದ ಡಬ್ಬಿ, ಜಡೆ, ಯೂನಿಫಾರ್ಮಿನ ಕಾಲರು ಎಲ್ಲೆಂದರಲ್ಲಿ ಕೂರುತ್ತಿತ್ತು. ಸೊಸೆ ಅನಿತ ತನ್ನ ಹೊಲಿಗೆ ಡಬ್ಬಿಯಿಂದ ಒಂದು ಹಿಡಿ ಪಿನ್ನು ಕೊಟ್ಟು ಕಳಿಸಿದಳು. ಎರಡು ದಿನ ಹಿಡಿದವು. ಮೂರನೆಯ ದಿನ ಒಂದು ಪಿನ್ನು ಬಾಯಿ ಬಿಚ್ಚಿಕೊಂಡು ಒಂದು ಮಗುವಿನ ಮಡಿಲಿಗೆ ಬಿತ್ತು.

ಟೇಕಲ್ ರೈಲ್ವೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಅವರ ಮನೆ. ಚನ್ನರಾಯಪ್ಪನವರಿಗೆ ಅರವತ್ತಾರು. ಶ್ರೀನಿವಾಸಪುರದ ಮಂಡಿಗಳಿಂದ ಮಾವಿನಕಾಯಿ ಹೇರಿಕೊಂಡು ನಾಗಪುರದವರೆಗೆ ಲಾರಿ ಓಡಿಸಿದ ಮನುಷ್ಯ. ಲಾರಿ ಬಿಟ್ಟ ಮೇಲೆ ಈ ವ್ಯಾನ್ ತಗೊಂಡು, ಮೊಮ್ಮಗಳು ಮೇಘನಳೂ ಸೇರಿದಂತೆ ಒಂಬತ್ತು ಮಕ್ಕಳನ್ನು ದಿನಾ ಮಾಲೂರಿನ ಶಾಲೆಗೆ ಬಿಟ್ಟು ಕರೆತರುತ್ತಿದ್ದರು. ಮಗ ಅನಿಲ್‌ಕುಮಾರ್ ನರಸಾಪುರದ ಕಡೆ ಒಂದು ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಮೇಲಿದ್ದ. ಕೆಲಸ ಇವತ್ತಿದ್ದರೆ ನಾಳೆ ಇಲ್ಲ. ಹಾಗಾಗಿ ಮನೆಯ ಅಕ್ಕಿ, ಗ್ಯಾಸು, ಮೇಘನಳ ಫೀಸು ಎಲ್ಲ ನಡೆಯುತ್ತಿದ್ದದ್ದು ಈ ವ್ಯಾನಿನಿಂದ, ಮತ್ತು ಅನಿತ ಜಗಲಿಯಲ್ಲಿ ಮಿಷನ್ ಇಟ್ಟುಕೊಂಡು ಹೊಲಿಯುವ ಬ್ಲೌಸುಗಳಿಂದ.

"ಆ ಬಟ್ಟೆಗೊಂದು ಗತಿ ಕಾಣಿಸ್ಬೇಕು," ಎಂದರು ಚನ್ನರಾಯಪ್ಪ ಒಂದು ಸಂಜೆ ಊಟಕ್ಕೆ ಕುಳಿತು. "ಎಡಗಡೆಯೆಲ್ಲ ಮರೆ ಆಗ್ಬಿಟ್ಟಿದೆ. ಆ ಕಡೆಯಿಂದ ಬರೋನು ಕಾಣೋದೇ ಇಲ್ಲ. ನೆನ್ನೆ ಮಾಲೂರಲ್ಲಿ ಆ ತಳ್ಳೋ ಗಾಡಿಯೋನು ಎಲ್ಲಿಂದ ಬಂದ್ನೋ."

"ತಗಲಿಸಿದ್ರಾ?" ಅನಿಲ್ ತಲೆ ಎತ್ತಿದ.

"ತಗಲಿಸೋದೇನು, ಸವರ್ತು ಅಷ್ಟೆ. ನಾಲ್ಕು ಟೊಮೆಟೊ ಉದುರ್ದೋ."

"ಹೋದ ವಾರ ಕರೆಂಟ್ ಕಂಬ. ಅದಕ್ಕೂ ಮುಂಚೆ ಶಾಲೆ ಗೇಟು," ಎಂದಳು ಅನಿತ, ಮುದ್ದೆ ಬಡಿಸುತ್ತ.

"ಎಲ್ಲಾ ಎಡಗಡೆನೇ ಕಣಮ್ಮ. ಅದಕ್ಕೇ ಹೇಳ್ತಿರೋದು, ಬಟ್ಟೆ ಕೆಲಸ ಅದು."

ಅನಿಲ್ ಸಾರು ಕಲಸಿಕೊಂಡ. "ಕೋಲಾರದಲ್ಲಿ ಕುಶನ್ ಅಂಗಡಿಗೆ ಬಿಟ್ರೆ ಎರಡು ದಿನ ಗಾಡಿ ಇಟ್ಕೊತಾರಪ್ಪ. ಅಷ್ಟರೊಳಗೆ ಮಕ್ಕಳ ಮನೆಯೋರು ಬೇರೆ ಆಟೋ ನೋಡ್ಕೊತಾರೆ. ಒಂದ್ಸಲ ಹೋದ ಮಕ್ಕಳು ತಿರುಗಿ ಬರಲ್ಲ."

"ಭಾನುವಾರ ನಾನೇ ಹಾಕ್ತೀನಿ. ಬಟ್ಟೆ ತಾನೇ?" ಎಂದಳು ಅನಿತ.

"ಬ್ಲೌಸ್ ಹೊಲ್ದಂಗಲ್ಲಮ್ಮ ಅದು," ಎಂದು ನಕ್ಕರು ಮಾವ. "ಇಬ್ರೂ ಸೇರಿ ಹಾಕೋಣ ಬಿಡು. ಮಳೆ ಒಂದು ಬಿಡುವು ಕೊಡ್ಲಿ." ಆಮೇಲೆ ತಟ್ಟೆ ನೋಡಿಕೊಂಡು, "ಹುರುಳಿಕಾಯಿ ಪಲ್ಯ ಅಂತ ವಾಸನೆ ಬಂತು. ನಂಗೆ ಹಾಕ್ಲೇ ಇಲ್ವಲ್ಲ," ಎಂದರು.

ಪಲ್ಯ ಅವರ ತಟ್ಟೆಯ ಎಡ ಅಂಚಿನಲ್ಲಿ ಹಾಗೇ ಇತ್ತು. ಪಕ್ಕದಲ್ಲಿ ಕುಳಿತಿದ್ದ ಅತ್ತೆ ಮುನಿಗಂಗಮ್ಮ ಕೈ ಚಾಚಿ ತಟ್ಟೆಯನ್ನು ಅರ್ಧ ಸುತ್ತು ತಿರುಗಿಸಿದರು. "ಇಲ್ಲೇ ಇದೆ, ತಿನ್ನಿ." ಅವರು ತಿಂದರು. ಅನಿತ ನೋಡಿದಳು. ವಯಸ್ಸಾದವರ ಮರೆವು ಅಂದುಕೊಂಡು ಸುಮ್ಮನಾದಳು.

ಮಳೆ ಬಿಡುವು ಕೊಡಲಿಲ್ಲ. ಒಂದು ಭಾನುವಾರ ತುಂತುರು, ಇನ್ನೊಂದು ಭಾನುವಾರ ನೆಂಟರು, ಮತ್ತೊಂದು ಭಾನುವಾರ ಮದುವೆ. ಆ ವಾರಗಳಲ್ಲಿ ಮನೆಯಲ್ಲಿ ಒಂದು ಹೊಸ ಪದ್ಧತಿ ಶುರುವಾಗಿರುವುದು ಅನಿತಳ ಗಮನಕ್ಕೆ ಬಂತು. ಮುನಿಗಂಗಮ್ಮ ದಿನಾ ಎರಡು ಹೊತ್ತೂ ವ್ಯಾನಿನ ಮುಂದಿನ ಸೀಟಿನಲ್ಲಿ ಕುಳಿತು ಹೋಗುತ್ತಿದ್ದರು. ಕೇಳಿದರೆ ಒಂದು ದಿನ ಹೂವು ತರಬೇಕು, ಇನ್ನೊಂದು ದಿನ ಮಾತ್ರೆ ತರಬೇಕು, ಮತ್ತೊಂದು ದಿನ ಮಾಲೂರಿನಲ್ಲಿ ಯಾರನ್ನೋ ನೋಡಬೇಕು. ಮದುವೆಯಾದ ಹೊಸದರಲ್ಲಿ ಅನಿತ ಇದೇ ಅತ್ತೆಯ ಜೊತೆ ಬಂಗಾರಪೇಟೆಗೆ ಬಸ್ಸಿನಲ್ಲಿ ಹೋಗಿದ್ದಳು. ಆಕೆ ದಾರಿಯುದ್ದಕ್ಕೂ ನಿಂಬೆಹಣ್ಣು ಮೂಸುತ್ತ, ಎರಡು ಸಲ ವಾಂತಿ ಮಾಡಿಕೊಂಡಿದ್ದರು. ಗಾಡಿ ಅಂದರೆ ದೂರ ಓಡುತ್ತಿದ್ದವರು ಈಗ ಮಕ್ಕಳಿಗಿಂತ ಮುಂಚೆ ಹತ್ತಿ ಕೂರುತ್ತಿದ್ದರು. ವಾಪಸು ಬಂದಾಗ ಮುಖ ಬಿಳುಚಿಕೊಂಡಿರುತ್ತಿತ್ತು. ಒಂದು ಚೆಂಬು ನೀರು ಕುಡಿದು ಅಡುಗೆಮನೆಯ ಗೋಡೆಗೆ ಒರಗಿ ಕೂರುತ್ತಿದ್ದರು.

"ಅತ್ತೆ, ಆಗದೇ ಇದ್ರೆ ಯಾಕೆ ಹೋಗ್ತೀರ? ಹೂವು ನಮ್ಮ ಬೀದಿಗೇ ಬರುತ್ತೆ."

"ಊರುಕೋಮ್ಮಾ," ಎಂದರು ಅವರು. ತಾಯಲೂರಿನ ಕಡೆಯವರು, ಬಾಯಿ ಮುಚ್ಚಿಸಬೇಕಾದಾಗ ತವರಿನ ತೆಲುಗೇ ಬರುತ್ತಿತ್ತು. "ಗಾಳಿ ಆಡುತ್ತೆ ಅಂತ ಹೋಗ್ತೀನಿ."

ಜುಲೈ ಕೊನೆಗೆ ಒಂದು ಭಾನುವಾರ ಬಿಸಿಲು ಬಂತು. ಅನಿತ ಹಿಂದಿನ ದಿನವೇ ಮಾಲೂರಿನಿಂದ ಸ್ಪಂಜು ಅಂಟಿಸಿದ ಬೂದು ಬಟ್ಟೆ, ಒಂದು ಡಬ್ಬಿ ಗಮ್ಮು, ಎರಡು ಬ್ರಷ್ಷು ತರಿಸಿದ್ದಳು. ಮಾವ ಸ್ಕ್ರೂಡ್ರೈವರ್ ಹಿಡಿದು ಒಳಗಿನ ದೀಪ, ಹಿಡಿಕೆಗಳು, ಬಿಸಿಲಿಗೆ ಅಡ್ಡ ಇಳಿಸುವ ಪಟ್ಟಿಗಳನ್ನು ಬಿಚ್ಚಿದರು. ಬಾಗಿಲ ಸುತ್ತಿನ ರಬ್ಬರ್ ಎಳೆದರು. ಬಲಗಡೆಯದೆಲ್ಲ ಸಲೀಸಾಗಿ ಬಿಚ್ಚಿಕೊಂಡಿತು. ಎಡಗಡೆಯ ಎರಡು ಸ್ಕ್ರೂಗಳನ್ನು ಅವರು ಮರೆತೇಬಿಟ್ಟರು. ಬಟ್ಟೆ ಅಂಟಿಸಿದ್ದ ಟಾಪಿನ ರಟ್ಟನ್ನು ಎಳೆದಾಗ ಅದು ಅಲ್ಲೇ ಹಿಡಿದುಕೊಂಡು ಲಟಕ್ಕೆಂದಿತು.

"ಯಾವನೋ ಮೊಳೆ ಹೊಡೆದಿದಾನೆ," ಎಂದು ಬೈದರು. ಅನಿತ ಹೋಗಿ ಆ ಎರಡನ್ನೂ ಬಿಚ್ಚಿದಳು.

ರಟ್ಟನ್ನು ಹಿಂದಿನ ಬಾಗಿಲಿನಿಂದ ಜಾಗ್ರತೆಯಾಗಿ ಹೊರಗೆ ತೆಗೆದು ಜಗಲಿಯ ಮೇಲೆ ಎರಡು ಸ್ಟೂಲುಗಳ ನಡುವೆ ಮಲಗಿಸಿದರು. ಹಳೆಯ ಬಟ್ಟೆ ಒಂದೇ ಎಳೆತಕ್ಕೆ ಕಿತ್ತು ಬಂತು. ಹಳೇ ಸ್ಪಂಜನ್ನೆಲ್ಲ ತೆಂಗಿನ ಬ್ರಷ್ಷಿನಿಂದ ಉಜ್ಜಿ ತೆಗೆಯುವುದಕ್ಕೆ ಮಧ್ಯಾಹ್ನವಾಯಿತು. ಇಬ್ಬರ ಮೂಗಿನ ಒಳಗೂ ಕಂದು ಪುಡಿ. ಮೇಘನ ಬಾಗಿಲಲ್ಲಿ ನಿಂತು ಸೀನುತ್ತಿದ್ದಳು.

"ನೀನು ಬಟ್ಟೆಗೆ ಹಚ್ಚು, ನಾನು ರಟ್ಟಿಗೆ ಹಚ್ತೀನಿ. ಎರಡೂ ಸ್ವಲ್ಪ ಒಣಗಿ ಬೆರಳಿಗೆ ಅಂಟೋ ಹಂಗಾದಾಗ ಕೂಡಿಸ್ಬೇಕು. ಮಧ್ಯದಿಂದ ಅಂಚಿಗೆ ಒತ್ತಬೇಕು, ಇಲ್ಲಾಂದ್ರೆ ಸುಕ್ಕು ಬರುತ್ತೆ," ಎಂದರು ಮಾವ. ಹಳೆಯ ಲಾರಿಗಳ ಕ್ಯಾಬಿನ್ನಿಗೆ ಹೀಗೇ ಮಾಡಿದ್ದು ಅವರಿಗೆ ನೆನಪಿತ್ತು. ಕೈ ಚುರುಕಾಗಿತ್ತು.

ಅನಿತ ಬಟ್ಟೆ ಮುಗಿಸಿ ಎದ್ದು ನೋಡಿದಳು. ಮಾವ ರಟ್ಟಿನ ಒಂದು ತುದಿಯಲ್ಲಿ ನಿಂತು ಬ್ರಷ್ಷನ್ನು ಡಬ್ಬಿಯ ಬಾಯಿಗೆ ಒರೆಸುತ್ತಿದ್ದರು. ರಟ್ಟಿನ ಬಲ ಅರ್ಧ ಗಮ್ಮಿನಿಂದ ಹೊಳೆಯುತ್ತಿತ್ತು. ಎಡ ಅರ್ಧ ಒಣಗಿತ್ತು. ನಡುವಿನ ಅಂಚು ಸೀಸದಕಡ್ಡಿಯಿಂದ ಗೆರೆ ಎಳೆದ ಹಾಗೆ ನೇರವಾಗಿತ್ತು.

"ಆಯ್ತು ನೋಡಮ್ಮ. ತಗೊಂಡು ಬಾ ಬಟ್ಟೆನ."

"ಮಾವ, ಈ ಕಡೆ ಬಿಟ್ಟಿದ್ದೀರ."

"ಯಾವ ಕಡೆ?"

"ಇದು. ಈ ಅರ್ಧ."

ಚನ್ನರಾಯಪ್ಪ ರಟ್ಟನ್ನು ನೋಡಿದರು. "ಎಲ್ಲಾ ಹಚ್ಚಿದ್ದೀನಲ್ಲಮ್ಮ," ಎಂದರು. ಹುಡುಗಾಟವಿರಲಿಲ್ಲ, ಸುಳ್ಳೂ ಇರಲಿಲ್ಲ ಆ ದನಿಯಲ್ಲಿ. ಅನಿತ ಅವರ ತೋಳು ಹಿಡಿದು ರಟ್ಟಿನ ಆ ತುದಿಗೆ ಕರೆದೊಯ್ದು ನಿಲ್ಲಿಸಿದಳು. ಆಗ ಅವರಿಗೆ ಒಣಗಿದ ಭಾಗ ಕಂಡಿತು. "ಗಾಳಿಗೆ ಬೇಗ ಒಣಗೋಗಿದೆ," ಎಂದು ಮತ್ತೆ ಬ್ರಷ್ಷು ಅದ್ದಿದರು. ಕೈ ಈಗ ಚುರುಕಾಗಿರಲಿಲ್ಲ.

ಬಾಗಿಲಲ್ಲಿ ರಾಗಿ ಕೇರುತ್ತಿದ್ದ ಮುನಿಗಂಗಮ್ಮ ಮೊರವನ್ನು ಹಿಡಿದೇ ನಿಂತಿದ್ದರು. ಅನಿತ ನೋಡಿದ ತಕ್ಷಣ ಕಣ್ಣು ತಗ್ಗಿಸಿ ಒಳಗೆ ಹೋದರು.

ಸಂಜೆಗೆ ಹೊಸ ಬಟ್ಟೆ ಮೇಲೆ ಕುಳಿತಿತ್ತು. ಒಂದು ಸುಕ್ಕಿಲ್ಲ, ತಮಟೆಯ ಚರ್ಮದ ಹಾಗೆ ಬಿಗಿಯಾಗಿತ್ತು. ಅನಿಲ್ ಶಿಫ್ಟಿನಿಂದ ಬಂದವನು ಒಳಗೆ ತಲೆ ಹಾಕಿ, "ಪರವಾಗಿಲ್ವೇ, ಅಂಗಡಿ ಇಡಬಹುದು ನೀನು," ಎಂದ. ಅನಿತ ಅವನನ್ನು ಹಿತ್ತಲಿಗೆ ಕರೆದು, ಗಮ್ಮಿನ ಗೆರೆ, ಎರಡು ಸ್ಕ್ರೂ, ಪಲ್ಯ ಎಲ್ಲ ಹೇಳಿದಳು.

"ನಾಳೆಯಿಂದ ಮಾವ ಗಾಡಿ ತೆಗೀಬಾರದು."

"ಹುಚ್ಚಾ ನಿಂಗೆ? ನಾನು ಹುಟ್ಟೋಕೆ ಮುಂಚೆಯಿಂದ ಸ್ಟೇರಿಂಗ್ ಹಿಡಿದೋರು ಅವರು."

"ಅದಕ್ಕೂ ಇದಕ್ಕೂ ಏನು? ಎಡಗಡೆ ಅವರಿಗೆ ಕಾಣ್ತಿಲ್ಲ."

ಅನಿಲ್ ಅಲ್ಲೇ ತಂದೆಯನ್ನು ಕೂಗಿದ. "ಅಪ್ಪ, ಆ ಬೋರ್ಡು ಓದಿ ನೋಡೋಣ." ಹಿತ್ತಲಿನಿಂದ ಸ್ಟೇಷನ್ನಿನ ಹಳದಿ ಹಲಗೆ ಕಾಣುತ್ತಿತ್ತು.

"ಟೇಕಲ್," ಎಂದರು ಚನ್ನರಾಯಪ್ಪ. "ಯಾಕೋ?"

"ಏನಿಲ್ಲ, ಹೋಗಿ." ಅವನು ಹೆಂಡತಿಯ ಕಡೆ ತಿರುಗಿದ. "ನೋಡಿದ್ಯಾ? ಅಷ್ಟು ದೂರದ್ದು ಓದಿದ್ರು."

"ಆ ಬೋರ್ಡಲ್ಲಿ ಏನಿದೆ ಅಂತ ಅವರಿಗೆ ಹುಟ್ಟಿದಾಗಿನಿಂದ ಗೊತ್ತು ಕಣ್ರೀ."

"ಸರಿ, ಮುಂದಿನ ತಿಂಗಳು ಕಣ್ಣಿನ ಡಾಕ್ಟರ್ ಹತ್ರ ತೋರಿಸೋಣ. ಈಗ ಕಾಂಟ್ರಾಕ್ಟ್ ರಿನೀವಲ್ ಟೈಮು, ರಜ ಕೇಳಿದ್ರೆ ಹೆಸರು ಹೊಡೆದಾಕ್ತಾರೆ. ಅಪ್ಪನಿಗೆ ಮಾತ್ರ ಏನೂ ಹೇಳ್ಬೇಡ. ಗಾಡಿ ಬಿಡಿ ಅಂದ್ರೆ ಆ ಮನುಷ್ಯ ಉಳಿಯಲ್ಲ."

ಸೋಮವಾರ ಸಂಜೆ ವ್ಯಾನ್ ಬಂದು ನಿಂತಿತು. ಚನ್ನರಾಯಪ್ಪ ಇಳಿದು, ಮಿಷನ್ ತುಳಿಯುತ್ತಿದ್ದ ಸೊಸೆಯ ಎದುರು ಬಂದು ನಿಂತರು. ಬೆವೆತಿದ್ದರು.

"ನೀನು ಸರಿಯಾಗಿ ಅಂಟಿಸಿಲ್ಲ ಕಣಮ್ಮ. ಎಡಗಡೆ ಇನ್ನೂ ಇಳಿದಿದೆ."

ಅನಿತ ಎದ್ದು ಹೋಗಿ ನೋಡಿದಳು. ಟಾಪಿನ ಬಟ್ಟೆ ನಿನ್ನೆಯಷ್ಟೇ ಬಿಗಿಯಾಗಿತ್ತು. ಕೈಯಿಂದ ತಟ್ಟಿದಳು.

"ಎಲ್ಲಿ ಇಳಿದಿದೆ ಮಾವ?"

"ಎಲ್ಲಿ ಅಂದ್ರೆ..." ಅವರು ಕೈ ಎತ್ತಿ ತೋರಿಸಹೋಗಿ ಅರ್ಧಕ್ಕೇ ಇಳಿಸಿದರು. "ಆ ಕಡೆ. ಅಲ್ಲೇನೂ ಇಲ್ಲದ ಹಂಗೆ ಇರುತ್ತೆ. ನೋಡು ನೀನೇ ಸರಿಯಾಗಿ." ಅಷ್ಟು ಹೇಳಿ ಒಳಗೆ ಹೋಗಿ ಮಂಚದ ಮೇಲೆ ಕುಳಿತರು. ಆ ದಿನ ಕಾಫಿ ಕೇಳಲಿಲ್ಲ.

ಮೇಘನಳ ಜಡೆ ಬಿಚ್ಚುತ್ತ ಅನಿತ ಸುಮ್ಮನೆ ಎಂಬಂತೆ ಕೇಳಿದಳು, "ತಾತ ಚೆನ್ನಾಗಿ ಓಡಿಸ್ತಾರಾ ಗಾಡಿ?"

"ಹೂಂ. ಆಟ ಆಡಿಸ್ತಾರೆ."

"ಏನಾಟ?"

"ಎಡಗಡೆ ಆಟ. ಬಟ್ಟೆ ಮರೆ ಆಗುತ್ತೆ ಅಂತ ಶುರು ಮಾಡಿದ್ರು. ಎಡಗಡೆಯಿಂದ ಏನಾದ್ರೂ ಬಂದ್ರೆ ಮೊದಲು ಯಾರು ಕೂಗ್ತಾರೋ ಅವರಿಗೆ ಒಂದು ಪೆಪ್ಪರ್‌ಮೆಂಟು. ಬೈಕು, ಹಸು, ಆಟೋ, ಏನಾದ್ರೂ. ಅಜ್ಜಿನೇ ಜಾಸ್ತಿ ಗೆಲ್ಲೋದು. ನಾನು ಎರಡನೇದು."

ಅನಿತಳ ಕೈಯಲ್ಲಿದ್ದ ಬಾಚಣಿಗೆ ಅಲ್ಲೇ ನಿಂತಿತು. ಅದನ್ನು ಮಗಳ ಕೈಗೆ ಕೊಟ್ಟು ಎದ್ದು ಅಡುಗೆಮನೆಗೆ ಹೋದಳು. ಮುನಿಗಂಗಮ್ಮ ಒಲೆಯ ಮುಂದೆ ಸೊಪ್ಪು ಬಿಡಿಸುತ್ತಿದ್ದರು.

"ಯಾವಾಗಿನಿಂದ ಗೊತ್ತು ಅತ್ತೆ ನಿಮಗೆ?"

ಅತ್ತೆ ಏನು ಎಂದು ಕೇಳಲಿಲ್ಲ. ಸೊಪ್ಪಿನ ದಂಟು ಮುರಿಯುತ್ತಲೇ ಇದ್ದರು. "ಮಾವಿನಹಣ್ಣಿನ ಕಾಲದಲ್ಲಿ ಒಂದು ದಿನ ತಲೆನೋವು ಅಂತ ಮಲಗಿದ್ರಲ್ಲ, ಬೆಳಗಿಂದ ಸಾಯಂಕಾಲದವರೆಗೂ. ಬಿಸಿಲು ಹೊಡೀತು ಅಂದ್ವಲ್ಲ. ಎದ್ದ ಮೇಲೆ ಎಡಗಾಲಿನ ಚಪ್ಪಲಿ ಹಾಕ್ಕೊಳ್ದೆ ಹೊರಗೆ ಹೋದ್ರು. ಶಾಲೆ ತೆರೆದ ದಿನ ನಾನು ಜೊತೆಗೆ ಹೋದೆ. ಆವತ್ತೇ ನೋಡ್ದೆ."

"ಎರಡು ತಿಂಗಳಾಯ್ತು. ನಮ್ಮ ಮೇಘನನೂ ಇದಾಳೆ ಆ ಗಾಡಿಯಲ್ಲಿ."

"ಅದಕ್ಕೇ ನಾನು ಹೋಗ್ತಿರೋದು. ಅವರ ಅಣ್ಣನ್ನ ನೀನು ನೋಡಿಲ್ಲ. ಎತ್ತಿನ ಗಾಡಿ ಮಾರಿಸಿದ್ರು ಮಕ್ಕಳು, ಮೂರು ತಿಂಗಳು ಜಗಲಿ ಮೇಲೆ ಕೂತು ಹೋಗ್ಬಿಟ್ಟ. ನಾನಿದೀನಲ್ಲ ಪಕ್ಕದಲ್ಲಿ. ನಾನು ಕಣ್ಣು ಮುಚ್ಚಲ್ಲ ದಾರಿಯಲ್ಲಿ."

"ಇನ್ನು ಎಷ್ಟು ದಿನ ಅತ್ತೆ?"

"ಊರುಕೋಮ್ಮಾ," ಎಂದರು ಮುನಿಗಂಗಮ್ಮ. ಈ ಸಲ ಆ ಮಾತಿನಲ್ಲಿ ಗದರಿಕೆ ಇರಲಿಲ್ಲ, ಬೇಡಿಕೆ ಇತ್ತು.

ಅನಿತ ಸುಮ್ಮನಾದಳು. ಮಂಗಳವಾರ ಸುಮ್ಮನಿದ್ದಳು. ಬುಧವಾರ ಗಂಡನ ಜೊತೆ ಮತ್ತೆ ಜಗಳವಾಡಿದಳು. ಅವನು ಅನ್ನದ ತಟ್ಟೆ ಬಿಟ್ಟೆದ್ದ. ಅವತ್ತೇ ಸಂಜೆ ತಾಯಲೂರಿನಿಂದ ಫೋನ್ ಬಂತು. ಮುನಿಗಂಗಮ್ಮನವರ ಅತ್ತಿಗೆ ತೀರಿಕೊಂಡಿದ್ದರು. ಗುರುವಾರ ಬೆಳಗಿನ ಮೊದಲ ಬಸ್ಸಿಗೆ ಹೊರಡಲೇಬೇಕಾಗಿತ್ತು. ಹೊರಡುವ ಮುಂಚೆ ಅತ್ತೆ ಸೊಸೆಯ ಮುಂಗೈ ಹಿಡಿದುಕೊಂಡರು.

"ಇವತ್ತೊಂದು ದಿನ ನೀನು ಹೋಗು. ಮಾಲೂರು ದಾರಿಯಲ್ಲಿ ಸುನಂದನ ಮನೆ ಹತ್ರ ಅವಳ ಸಣ್ಣ ಮಗು ಇಳಿಯುತ್ತಲ್ಲ, ಯಶು. ಮನೆ ರೋಡಿಗೆ ಆ ಕಡೆ. ನಾನೇ ಇಳಿದು ದಾಟಿಸ್ತೀನಿ ದಿನಾ. ಮರೀಬೇಡ."

ಬೆಳಿಗ್ಗೆ ಅನಿತ ಮುಂದಿನ ಸೀಟಿನಲ್ಲಿ ಕುಳಿತಳು. "ಏನಮ್ಮ, ನೀನೂ ಹೊರಟೆ," ಎಂದರು ಮಾವ. ಬೇಡ ಅನ್ನಲಿಲ್ಲ. ದಾರಿಯಲ್ಲಿ ಅವಳು "ಎಡಗಡೆ ಬೈಕು ಮಾವ" ಎಂದಳು. "ಎಡಗಡೆ ಕುರಿ" ಎಂದಳು. ಹಿಂದಿನಿಂದ ಮಕ್ಕಳು ನಗುತ್ತ ಅವಳಿಗಿಂತ ಮುಂಚೆ ಕೂಗಲು ಪೈಪೋಟಿ ನಡೆಸಿದರು. ಅವರು ಕೂಗಿದ್ದಕ್ಕೆಲ್ಲ ಮಾವ ನಿಧಾನಿಸಿದರು, ಪಕ್ಕಕ್ಕೆ ಸರಿದರು. ಶಾಲೆಯ ಮುಂದೆ ಗಾಡಿಯನ್ನು ಗೋಡೆಗೆ ಒಂದಡಿ ಬಿಟ್ಟು ನೆಟ್ಟಗೆ ನಿಲ್ಲಿಸಿದರು. ಏನೂ ಆಗಲಿಲ್ಲ. ಅದೇ ಅವಳನ್ನು ಕೆಡಿಸಿತು. ಮನೆಗೆ ಬಂದಾಗ ಮದುವೆಮನೆಯವರು ಬ್ಲೌಸಿಗೆ ಕಾದು ಕುಳಿತಿದ್ದರು. ನಾಲ್ಕು ಬ್ಲೌಸು, ನಾಳೆಯೇ ಧಾರೆ. ಮೂರು ಗಂಟೆಗೆ ಮಾವ ಬೀಗದ ಕೈ ತಗೊಂಡಾಗ ಅವಳ ತೊಡೆಯ ಮೇಲೆ ಅರ್ಧ ಹೊಲಿದ ತೋಳಿತ್ತು.

"ನಾನು ಬರ್ಬೇಕಾ ಮಾವ?"

"ನೀನ್ಯಾಕಮ್ಮ? ಕೆಲಸ ನೋಡ್ಕೋ. ಮೇಘನ ಇರ್ತಾಳಲ್ಲ ಮುಂದೆ."

ಒಂದೇ ಸಲಕ್ಕೆ ಏನಾಗುತ್ತದೆ ಅಂದುಕೊಂಡಳು. ಮಿಷನ್ ತುಳಿದಳು.

ನಾಲ್ಕೂವರೆಗೆ ಬರಬೇಕಾದ ವ್ಯಾನ್ ಐದಾದರೂ ಬರಲಿಲ್ಲ. ಐದೂಕಾಲಿಗೆ ಯಾರದೋ ಸ್ಕೂಟರಿನಲ್ಲಿ ಮೇಘನ ಬಂದಿಳಿದಳು. ಸ್ಕೂಟರಿನವನು ಏನೋ ಹೇಳುತ್ತಿದ್ದ. ಅನಿತಳಿಗೆ ಕೇಳಿಸಿದ್ದು ಮಗಳ ಮಾತು ಮಾತ್ರ.

"ಅಮ್ಮ, ನಾನು ಕೂಗ್ಲಿಲ್ಲ. ನಾನು ಡ್ರಾಯಿಂಗ್ ನೋಡ್ತಿದ್ದೆ. ಯಶು ಮುಂದೆ ಹೋಗಿದ್ದು ನಾನು ನೋಡ್ಲಿಲ್ಲ. ನಾನು ಎಡಗಡೆ ಅಂತ ಕೂಗ್ಲಿಲ್ಲಮ್ಮ."

ಆದದ್ದು ಇಷ್ಟು. ವ್ಯಾನ್ ಸುನಂದಳ ಮನೆಯ ಎದುರು ರಸ್ತೆಯ ಎಡಕ್ಕೆ ನಿಂತಿತು. ಆರು ವರ್ಷದ ಯಶಸ್ವಿನಿ ಎಡಗಡೆಯ ಬಾಗಿಲಿನಿಂದ ಇಳಿದು, ದಿನಾ ಕೈ ಹಿಡಿದು ದಾಟಿಸುವ ಅಜ್ಜಿ ಇಲ್ಲದ್ದರಿಂದ ತಾನೇ ಗಾಡಿಯ ಮುಂದೆ ಬಳಸಿಕೊಂಡು ಮನೆಯ ಕಡೆ ನಡೆದಳು. ಚನ್ನರಾಯಪ್ಪ ಮುಂದೆ ನೋಡಿದರು. ರಸ್ತೆ ಖಾಲಿ ಕಂಡಿತು. ಗೇರ್ ಹಾಕಿದರು. ಹಿಂದಿನ ಮಕ್ಕಳು ಕಿರುಚಿದ್ದಕ್ಕೆ ಬ್ರೇಕ್ ಒತ್ತಿದರು. ಅಷ್ಟರಲ್ಲಿ ಮಗು ಬಂಪರ್ ತಗುಲಿ ಬಿದ್ದು, ಬಲಗೈ ಕೆಳಗಾಗಿ ಮೂಳೆ ಮುರಿದಿತ್ತು. ಚಕ್ರಕ್ಕೂ ಅವಳ ತಲೆಗೂ ಒಂದು ಗೇಣು ಅಂತರವಿತ್ತೆಂದು ನೋಡಿದವರು ಹೇಳಿದರು.

ಮಾಲೂರಿನ ಆಸ್ಪತ್ರೆಗೆ ಅನಿತ ಓಡಿದಾಗ ಮಗುವಿನ ಕೈಗೆ ಪಟ್ಟಿ ಹಾಕುತ್ತಿದ್ದರು. ಚನ್ನರಾಯಪ್ಪ ಕಾರಿಡಾರಿನ ಬೆಂಚಿನ ಮೇಲೆ ಕುಳಿತಿದ್ದರು. ಹೋದವರಿಗೆ ಬಂದವರಿಗೆ ಒಂದೇ ಮಾತು ಹೇಳುತ್ತಿದ್ದರು. "ನಾನು ನೋಡ್ದೆ. ಯಾರೂ ಇರಲಿಲ್ಲ. ನೋಡೇ ತೆಗೆದೆ ನಾನು."

ಯಾರೂ ಅವರನ್ನು ಬೈಯಲಿಲ್ಲ. ಅದೇ ಅನಿತಳಿಗೆ ಸಹಿಸಲಾಗದ್ದು. ಯಶುವಿನ ತಂದೆ ಅಮರನಾಥ್ ಚನ್ನರಾಯಪ್ಪನವರ ಭುಜದ ಮೇಲೆ ಕೈಯಿಟ್ಟು, "ನಿಮ್ಮ ತಪ್ಪೇನಿಲ್ಲ ಬಿಡಿ ಯಜಮಾನ್ರೆ, ಇವಳು ಓಡಿಬಂದಿದಾಳೆ. ಒಂದು ಕಡೆ ನಿಲ್ಲೋ ಮಗು ಅಲ್ಲ," ಎಂದ. ಒಳಗೆ ಸುನಂದ ಮಗಳನ್ನು ಗದರುತ್ತಿದ್ದಳು. "ಗಾಡಿ ಮುಂದೆ ಓಡಬಾರದು ಅಂತ ಎಷ್ಟು ಸಲ ಹೇಳಿದೀನಿ?"

"ನಾನು ಓಡ್ಲಿಲ್ಲ," ಎಂದಿತು ಮಗುವಿನ ದನಿ.

"ಬಾಯಿ ಮುಚ್ಚು. ಸುಳ್ಳು ಬೇರೆ."

ಶುಕ್ರವಾರ ಅನಿಲ್ ರಜ ಹಾಕಿ ತಂದೆಯನ್ನು ಕೋಲಾರಕ್ಕೆ ಕರೆದೊಯ್ದ. ಅನಿತಳೂ ಹೋದಳು. ಕಣ್ಣಿನ ಡಾಕ್ಟರು ಅವರ ಮೂಗಿನ ನೇರಕ್ಕೆ ನೋಡಲು ಹೇಳಿ, ಪಕ್ಕದಲ್ಲಿ ಬೆರಳು ಆಡಿಸಿದರು. ಬಲಗಡೆ ಆಡಿಸಿದಾಗಲೆಲ್ಲ ಚನ್ನರಾಯಪ್ಪ "ಹೂಂ" ಎಂದರು. ಎಡಗಡೆ ಐದು ಬೆರಳೂ ಆಡಿಸಿದಾಗ "ಶುರು ಮಾಡಿ ಸಾರ್" ಎಂದರು. ಡಾಕ್ಟರು ಅವರನ್ನು ಸ್ಕ್ಯಾನಿಂಗಿಗೆ ಕಳಿಸಿದರು. ಮಧ್ಯಾಹ್ನ ಇನ್ನೊಬ್ಬ ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ವಿವರಿಸಿದರು.

"ಕಣ್ಣು ಚೆನ್ನಾಗಿದೆ. ತೊಂದರೆ ಮಿದುಳಲ್ಲಿ. ಎರಡು ಮೂರು ತಿಂಗಳ ಹಿಂದೆ ಇಲ್ಲೊಂದು ರಕ್ತನಾಳ ಕಟ್ಟಿದೆ. ಎಡಗಡೆ ಇರೋದು ಇವರಿಗೆ ಕಾಣಲ್ಲ. ಕಾಣ್ತಿಲ್ಲ ಅನ್ನೋದೂ ಇವರಿಗೆ ಗೊತ್ತಾಗಲ್ಲ. ಗಾಡಿ ಮುಟ್ಟೋ ಹಾಗಿಲ್ಲ ಇನ್ನು. ಮಾತ್ರೆ ತಪ್ಪಿಸ್ಬೇಡಿ, ಇದು ಇನ್ನೊಂದು ಸಲ ಆಗಬಹುದು. ಆಗ ಇಷ್ಟಕ್ಕೇ ನಿಲ್ಲುತ್ತೆ ಅಂತ ಹೇಳೋಕಾಗಲ್ಲ."

ಬಸ್ಸಿನಲ್ಲಿ ವಾಪಸು ಬರುವಾಗ ಚನ್ನರಾಯಪ್ಪ ಮುಂದಿನ ಸೀಟಿನಲ್ಲಿ ಒಬ್ಬರೇ ಕುಳಿತರು. ಬಂಗಾರಪೇಟೆ ದಾಟಿದ ಮೇಲೆ ಅನಿಲ್ ಹೆಂಡತಿಯ ಕಡೆ ಬಾಗಿ ತಗ್ಗಿದ ದನಿಯಲ್ಲಿ ಹೇಳಿದ. "ಗಾಡಿ ಮಾರಿಬಿಡೋಣ. ಆಸ್ಪತ್ರೆ ಖರ್ಚು ನಾವು ಕೊಟ್ಟಾಗಿದೆ. ಅವರೇ ಮಗು ಓಡಿಬಂತು ಅಂತಿದಾರೆ. ಹಂಗೇ ಇರ್ಲಿ. ಇದು ಹೊರಗೆ ಬಿದ್ರೆ ಕೇಸಾಗುತ್ತೆ. ಗೊತ್ತಿದ್ದೂ ಗೊತ್ತಿದ್ದೂ ಓಡಿಸಿದ್ರು ಅಂತಾರೆ."

"ಗೊತ್ತಿದ್ದೇ ಓಡಿಸಿದ್ದು ನಾವು."

"ಮೆಲ್ಲಗೆ ಮಾತಾಡೇ."

ಮನೆಯಲ್ಲಿ ಮುನಿಗಂಗಮ್ಮ ತಾಯಲೂರಿನಿಂದ ಬಂದಿದ್ದರು. ಬೆಳಗಿನ ಅಡುಗೆ ಹಾಗೇ ಇತ್ತು. ಮೇಘನ ಹಿಂದಿನ ಸಂಜೆಯಿಂದ ಸರಿಯಾಗಿ ಉಣ್ಣುತ್ತಿರಲಿಲ್ಲ. ಯಾರಾದರೂ ಮಾತಾಡಿಸಿದರೆ, "ಯಶು ಕೈ ನನ್ನಿಂದ ಮುರೀತು," ಎನ್ನುತ್ತಿದ್ದಳು. ಅಜ್ಜಿ ಅವಳಿಗೆ ತುತ್ತು ಕಲಸಿ ಕೊಡುತ್ತ, "ಅಲ್ಲ ಕಣಮ್ಮ, ಆ ಮಗುನೇ ಓಡಿಬಂತಂತೆ," ಎಂದರು. ಅಂದವರೇ ಸೊಸೆಯ ಮುಖ ನೋಡಿ, ತುತ್ತನ್ನು ತಟ್ಟೆಗೆ ಇಳಿಸಿದರು.

ಅನಿತ ಮಾವನಿಗೆ ಮಾತ್ರೆ, ನೀರು ತಗೊಂಡು ಹೋದಳು. ಅವರು ಲೋಟ ಹಿಡಿದುಕೊಂಡರು, ಕುಡಿಯಲಿಲ್ಲ.

"ಗಮ್ಮು ಹಚ್ಚಿದ ದಿನ ನಿಂಗೆ ಗೊತ್ತಾಯ್ತಲ್ವಾ?"

"ಹೂಂ ಮಾವ."

"ನಿಮ್ಮತ್ತೆಗೂ ಗೊತ್ತಿತ್ತು."

"ಹೂಂ."

"ನನಗೊಬ್ಬನಿಗೇ ಗೊತ್ತಿರಲಿಲ್ಲ." ಅವರು ಮಾತ್ರೆಯನ್ನು ಅಂಗೈಯಲ್ಲಿ ಹೊರಳಿಸಿದರು. "ಹೇಳ್ಬೇಕಾಗಿತ್ತು ಕಣಮ್ಮ. ಬೈದಿರ್ತಿದ್ದೆ. ಕೈ ಎತ್ತಿಯೂ ಇರ್ತಿದ್ದೆನೋ ಏನೋ. ಆದ್ರೂ ಹೇಳ್ಬೇಕಾಗಿತ್ತು."

ಅವರು ಮಾತ್ರೆ ನುಂಗಿದ ಮೇಲೆ ಅನಿತ ಲೋಟ ಒಳಗಿಟ್ಟಳು. ಹೊರಗೆ ಬಂದು ಚಪ್ಪಲಿ ಮೆಟ್ಟಿಕೊಂಡಳು. ಜಗಲಿಯಲ್ಲಿ ಕುಳಿತಿದ್ದ ಅನಿಲ್ ಎದ್ದು ನಿಂತ.

"ಎಲ್ಲಿಗೆ?"

"ಸುನಂದನ ಮನೆಗೆ."

"ಅನಿತಾ, ಬೇಡ. ನಾಳೆ ಈ ಊರಲ್ಲಿ ತಲೆಯೆತ್ತಿ ಓಡಾಡೋಕಾಗಲ್ಲ."

"ಮಾಡದ ತಪ್ಪಿಗೆ ಎರಡು ಮಕ್ಕಳು ಬೈಸ್ಕೊಳ್ತಿದಾವೆ ಕಣ್ರೀ. ಒಂದು ಅವರ ಮನೆಯಲ್ಲಿ, ಒಂದು ನಮ್ಮನೆಯಲ್ಲಿ. ನಮ್ಮದಕ್ಕೆ ಬೈಯೋರೇ ಬೇಡ, ತನಗೆ ತಾನೇ ಬೈಕೊಳ್ತಿದೆ."

ಅನಿಲ್ ದಾರಿಗೆ ಅಡ್ಡ ನಿಂತ. ಅಷ್ಟರಲ್ಲಿ ಒಳಗಿನಿಂದ ಮುನಿಗಂಗಮ್ಮ ಸೆರಗು ಹೊದ್ದು ಬಂದರು. "ಪಕ್ಕಕ್ಕೆ ಸರೀ ಅನಿಲ," ಎಂದರು. "ಅವಳೊಬ್ಬಳೇ ಯಾಕೆ ಹೋಗ್ಬೇಕು? ನಾನೂ ಬರ್ತೀನಿ." ಅವನು ತಾಯಿಯ ಮುಖ ನೋಡಿದ. ಸರಿದ.

ಸುನಂದಳ ಮನೆಯಲ್ಲಿ ದೀಪ ಹಚ್ಚುವ ಹೊತ್ತು. ಯಶು ಚಾಪೆಯ ಮೇಲೆ ಕುಳಿತು, ಪಟ್ಟಿ ಕಟ್ಟಿದ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಎಡಗೈಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದಳು. ಕೆನ್ನೆಯ ತರಚು ಗಾಯ ಕಪ್ಪಾಗಿತ್ತು.

"ಬನ್ನಿ ಅಜ್ಜಿ, ಕೂತ್ಕೊಳಿ. ಕಾಫಿ ಮಾಡ್ತೀನಿ," ಎಂದಳು ಸುನಂದ. "ನಮ್ಮಿಂದ ನಿಮಗೂ ತೊಂದರೆ ಆಯ್ತು. ತಾತ ಹೇಗಿದಾರೆ? ತುಂಬ ಹೆದರ್ಬಿಟ್ಟಿದ್ರು ಪಾಪ."

"ಕಾಫಿ ಬೇಡಮ್ಮ," ಎಂದರು ಮುನಿಗಂಗಮ್ಮ, ಕೂರದೆ. "ಅವರಿಗೆ ಎಡಗಡೆ ಕಾಣಲ್ಲ. ಶಾಲೆ ತೆರೆದ ದಿನದಿಂದ ನಂಗೆ ಗೊತ್ತು. ಹೇಳ್ಲಿಲ್ಲ."

ಸುನಂದ ಅರ್ಥವಾಗದೆ ಅನಿತಳ ಕಡೆ ನೋಡಿದಳು.

"ನಂಗೆ ಭಾನುವಾರದಿಂದ ಗೊತ್ತಿತ್ತು," ಎಂದಳು ಅನಿತ. "ಗುರುವಾರ ಬೆಳಿಗ್ಗೆ ಜೊತೆಗೆ ಹೋದೆ. ಮಧ್ಯಾಹ್ನ ಬ್ಲೌಸ್ ಹೊಲೀತಾ ಮನೆಯಲ್ಲೇ ಉಳ್ಕೊಂಡೆ. ನಿಮ್ಮ ಮಗು ಓಡಿಲ್ಲ ಸುನಂದ. ನಡೆದೇ ಹೋಗಿದಾಳೆ. ಅವರಿಗೆ ಕಾಣಲಿಲ್ಲ ಅಷ್ಟೆ. ಇವತ್ತು ಕೋಲಾರದಲ್ಲಿ ಡಾಕ್ಟರೂ ಅದನ್ನೇ ಹೇಳಿದ್ರು."

ಒಳಕೋಣೆಯಿಂದ ಅಮರನಾಥ್ ಬಂದು ಬಾಗಿಲಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಸುನಂದ ಮಗಳ ಕಡೆ ತಿರುಗಿದಳು.

"ನನಗೆ ಹೇಳ್ಬೇಡಿ," ಎಂದಳು. "ಅವಳಿಗೆ ಹೇಳಿ. ನೆನ್ನೆ ರಾತ್ರಿ ನಮ್ಮೆಜಮಾನ್ರು ಅವಳಿಗೆ ಹೊಡೆದ್ರು. ಕೈ ಮುರಿದಿರೋ ಮಗೂಗೆ ಹೊಡೆದ್ರು, ಸುಳ್ಳು ಹೇಳ್ತೀಯ ಅಂತ."

ಮುನಿಗಂಗಮ್ಮ ಮೊಣಕಾಲೂರಿ ಚಾಪೆಯ ಅಂಚಿನಲ್ಲಿ ಕುಳಿತರು. "ನೀನು ಓಡ್ಲಿಲ್ಲ ಕಣಮ್ಮ," ಎಂದರು. "ನೀನು ಹೇಳಿದ್ದೇ ನಿಜ. ತಪ್ಪು ನಮ್ಮದು, ದೊಡ್ಡವರದು."

ಯಶು ಬಿಸ್ಕತ್ತು ಕೆಳಗಿಟ್ಟಳು. ಅವಳು ಅಜ್ಜಿಯನ್ನು ನೋಡಲಿಲ್ಲ, ಬಾಗಿಲಲ್ಲಿ ನಿಂತ ತಂದೆಯನ್ನು ನೋಡಿದಳು. ಅಮರನಾಥ್ ಆ ನೋಟ ತಡೆಯಲಾರದೆ ಗೋಡೆಯ ಕಡೆ ತಿರುಗಿದ. ಹಾಗೇ ಗೂಟದಿಂದ ಅಂಗಿ ತೆಗೆದು ಹಾಕಿಕೊಂಡ.

"ಆ ಗಾಡಿಯಲ್ಲಿ ಹೋಗೋ ಮಕ್ಕಳದು ಇನ್ನೂ ಆರು ಮನೆ ಇದಾವೆ," ಎಂದ. ದನಿ ಏರಿಸಲಿಲ್ಲ. "ಅವರಿಗೂ ನೀವೇ ಹೇಳ್ಬೇಕು, ನಿಮ್ಮ ಬಾಯಿಂದಲೇ. ಪೊಲೀಸು ಗಿಲೀಸು ಅನ್ನೋದು ಆಮೇಲೆ. ಎಲ್ಲಾರೂ ಕೂತು ಮಾತಾಡ್ತೀವಿ. ನಡೀರಿ, ನಾನೂ ಬರ್ತೀನಿ."

ಅನಿತ ಅತ್ತೆಯ ಕೈ ಹಿಡಿದು ಎಬ್ಬಿಸಿದಳು. ಮೊದಲ ಮನೆ ರಸ್ತೆಯ ಆಚೆ, ಹತ್ತು ಹೆಜ್ಜೆಯ ದೂರದಲ್ಲಿತ್ತು. ಅಮರನಾಥ್ ಕದ ತಟ್ಟಿ, ಪಕ್ಕಕ್ಕೆ ಸರಿದು, ಆ ಇಬ್ಬರು ಹೆಂಗಸರಿಗೆ ಮುಂದೆ ನಿಲ್ಲಲು ಜಾಗ ಬಿಟ್ಟ.